ಟ್ಯಾಂಗೋ ಜಗಳ: ಹಳೇದಾ, ಹೊಸದಾ?

ಟ್ಯಾಂಗೋ ಅಂದ್ರೆ ಬಾಯಲ್ಲಿ ಗುಲಾಬಿ ಕಚ್ಚಿಕೊಂಡು ಕತ್ತು ಝಾಡಿಸೋದು ಅಂದುಕೊಂಡವರು ಆ ಚಿತ್ರವನ್ನು ಪಕ್ಕಕ್ಕಿಡಿ. ಇದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಮಿಲೊಂಗಾಗಳಲ್ಲಿ, ಅಂದರೆ ಜನ ಸಂಜೆ ಸೇರಿ ಕುಣಿಯುವ ಹಾಲ್‌ಗಳಲ್ಲಿ, ಇನ್ನೂ ಮುಗಿಯದ ಜಗಳದ ವಿಷಯ. ಎದೆಗೆ ಎದೆ ತಾಗಿಸಿ ಪುಟ್ಟ ಹೆಜ್ಜೆ ಇಡೋದೇ ಅಸಲಿ ಟ್ಯಾಂಗೋ ಅಂತ ಒಂದು ಬಣ. ಅದೆಲ್ಲ ಮ್ಯೂಸಿಯಂ ಸರಕು ಅಂತ ಇನ್ನೊಂದು.

ನಾನು ಕುಣಿಯೋದು ಹಳೇ ಥರಾನೇ. ಆದರೆ ನಮ್ಮ ಬಣದವರು ಕೊಡುವ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ. "1940ರಲ್ಲಿ ಹೀಗೇ ಕುಣೀತಿದ್ರು" ಅಂತಾರೆ. ಹೀಗೇ ಅಂದ್ರೆ ಹೇಗೆ ಸ್ವಾಮಿ? ಆಗ ಒಂದೊಂದು ಬಡಾವಣೆಗೆ ಒಂದೊಂದು ರೀತಿ. ಗಂಡಸರು ಗಂಡಸರ ಜೊತೆಗೇ ತಾಲೀಮು ಮಾಡಿ ಹೊಸ ಹೊಸ ಪಟ್ಟು ಹುಡುಕುತ್ತಿದ್ದರು. 'ಪೆಟ್ರೋಲಿಯೊ' ಅಂತ ಹೆಸರಾಗಿದ್ದ ಕಾರ್ಲೋಸ್ ಎಸ್ತೆವೆಜ್ ಅಂಥವರು ಸುತ್ತುವ ರೀತಿಯನ್ನೇ ಬದಲಿಸಿದರು. ಈ ಎದೆಗೆ ಎದೆ ತಾಗಿಸುವ ರೀತಿಯನ್ನು 'ಮಿಲೊಂಗೆರೊ ಶೈಲಿ' ಅಂತ ಕ್ಲಾಸುಗಳಲ್ಲಿ ಕಲಿಸಲು ಶುರುವಾಗಿದ್ದು 1990ರ ದಶಕದಲ್ಲಿ. ಅದೇ ದಶಕದಲ್ಲಿ, ಅದೇ ಊರಲ್ಲಿ ಗುಸ್ತಾವೊ ನವೇರಾ, ಫಾಬಿಯಾನ್ ಸಾಲಾಸ್ ಎಂಬ ನರ್ತಕರು ಕೂತು ಒಂದೊಂದೇ ಹೆಜ್ಜೆ ಬಿಚ್ಚಿ ನೋಡಿದರು. ಹೊಸ ಟ್ಯಾಂಗೋ ಬೆಳೆದದ್ದು ಅಲ್ಲಿಂದ. ವಯಸ್ಸಿನ ಲೆಕ್ಕದಲ್ಲಿ ಎರಡು ಶೈಲಿಗಳೂ ಓರಗೆಯವೇ!

ಹಾಗಾದರೆ ಹಳೇದು ಯಾಕೆ ಇಷ್ಟ? ಜಾಗದ ಲೆಕ್ಕ. ಮಿಲೊಂಗಾದಲ್ಲಿ ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ, ಸಾಲಾಗಿ ಸಾಗಬೇಕು. ಶನಿವಾರ ರಾತ್ರಿ ಹಾಲ್ ತುಂಬಿದಾಗ ಮುಂದಿನ ಜೋಡಿ ನಿಂತರೆ ನೀವೂ ನಿಲ್ಲಬೇಕು. ಆಗ ಜೊತೆಗಾತಿಯ ಎಡಗೈ ನಿಮ್ಮ ಹೆಗಲ ಹಿಂದೆ, ನಿಮ್ಮ ತೂಕ ಒಂದು ಪಾದದಿಂದ ಇನ್ನೊಂದಕ್ಕೆ, ಅಷ್ಟೇ. ಕಾಲು ಅರ್ಧ ಅಡಿ ಸಹ ಜರುಗಿರೋದಿಲ್ಲ, ಆದರೆ ದಾರಿಯೆಂಜೊ ವಾದ್ಯಮೇಳದ ತಾಳ ಇಬ್ಬರಿಗೂ ಎದೆಯಲ್ಲೇ ಗೊತ್ತಾಗುತ್ತೆ. ಇದು ಸಾಧ್ಯವಾಗೋದು ಅಪ್ಪುಗೆ ಬಿಡದಿದ್ದರೆ ಮಾತ್ರ.

ಹೊಸ ಶೈಲಿಯಲ್ಲಿ ಅಪ್ಪುಗೆ ಹಿಗ್ಗುತ್ತೆ, ಕುಗ್ಗುತ್ತೆ. ವೋಲ್ಕಾದಾದಲ್ಲಿ ಅವಳು ಸಮತೋಲ ಬಿಟ್ಟು ಇವನ ಮೇಲೆ ವಾಲುತ್ತಾಳೆ, ಕೋಲ್ಗಾದಾದಲ್ಲಿ ಇಬ್ಬರೂ ಹೊರಕ್ಕೆ ವಾಲುತ್ತಾರೆ. ಈ ಶೈಲಿಯ ನರ್ತಕ ಚಿಚೋ ಫ್ರುಂಬೊಲಿ ಮಾಡೋದು ನೋಡಿದರೆ ಬಾಯಿ ತೆರೆದೇ ಇರುತ್ತೆ. ಆದರೆ ಅದಕ್ಕೆ ಖಾಲಿ ನೆಲ ಬೇಕು. ತುಂಬಿದ ಹಾಲ್‌ನಲ್ಲಿ ಬೊಲೆಯೊ ಅಂತ ಕಾಲನ್ನು ಹಿಂದಕ್ಕೆ ಎತ್ತಿ ಬೀಸಿದರೆ ಹಿಮ್ಮಡಿಯ ಚೂಪು ನೇರ ಪಕ್ಕದವರ ಮೀನಖಂಡಕ್ಕೆ. ನನಗೂ ಬಿದ್ದಿದೆ, ವಾರಗಟ್ಟಲೆ ನೀಲಿ ಗುರುತು ಹೋಗಲಿಲ್ಲ. ಸಾರಿ ಅಂತ ಕೂಡ ಹೇಳಲಿಲ್ಲ, ಪುಣ್ಯಾತ್ಗಿತ್ತಿ. ಇದನ್ನು ಶೈಲಿಯ ತಪ್ಪು ಅನ್ನಲಾರೆ. ಅದೇ ಬೊಲೆಯೊವನ್ನು ಪಾದ ನೆಲಕ್ಕೆ ಸವರಿಕೊಂಡೇ ಮಾಡಬಹುದು.

2003ರಿಂದ ಬ್ಯೂನಸ್ ಐರಿಸ್‌ನಲ್ಲಿ ನಡೆಯುವ ವಿಶ್ವ ಸ್ಪರ್ಧೆಯಲ್ಲಿ ಹಾಲ್‌ನ ಟ್ಯಾಂಗೋ ಬೇರೆ ವಿಭಾಗ, ವೇದಿಕೆಯ ಟ್ಯಾಂಗೋ ಬೇರೆ ವಿಭಾಗ. ಸರಿಯಾಗೇ ಮಾಡಿದ್ದಾರೆ.

ಹೊಸಬರಿಂದ ಬಂದ ಒಂದು ವಿಷಯದ ಪರವಾಗಿ ಮಾತ್ರ ನಾನು ಯಾವ ಹಾಲ್‌ನಲ್ಲಾದರೂ ಜಗಳಕ್ಕೆ ಸಿದ್ಧ. ಹೆಂಗಸು ಮುನ್ನಡೆಸಬಹುದು, ಗಂಡಸು ಹಿಂಬಾಲಿಸಬಹುದು, ಇಬ್ಬರು ಹೆಂಗಸರು ಜೋಡಿಯಾಗಬಹುದು. ಇದಕ್ಕೆ ಮೂಗು ಮುರಿಯುವ ಹಿರಿಯರೇ, ನಿಮ್ಮ 40ರ ದಶಕದ ಗಂಡಸರು ತಾಲೀಮಿನಲ್ಲಿ ಮೊದಲು ಕಲೀತಿದ್ದದ್ದು ಹಿಂಬಾಲಿಸೋದನ್ನೇ ಅಲ್ವಾ?