ಅಲುಗಾಡಿಸಬೇಡಿ, ಒಳಗೆ ಗುಟ್ಟಿದೆ

ಕೊಡಗಿನ ಕಾಫಿ ಬೆಳೆಗಾರನಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಗೋಣಿಕೊಪ್ಪಲಿನ ವ್ಯಾಪಾರಿಯ ಮುಂದೆ ಅವನು ಕೂತ ಭಂಗಿಯನ್ನೊಮ್ಮೆ ನೋಡಬೇಕು. ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಕಪ್ಪು ಬೀಜ, ಹುಳು ಕೊರೆದ ಬೀಜಗಳನ್ನು ಬದಿಗೆ ಸರಿಸಿ, ಐವತ್ತು ಕಿಲೋ ಮೂಟೆಗೆ ಎಷ್ಟು ಕಿಲೋ ಬೀಜ ಬಂದೀತೆಂಬ ಓಟಿ ಲೆಕ್ಕ ಮುಗಿಯುವ ತನಕ ತಕ್ಕಡಿಯಿಂದ ಕಣ್ಣು ಕೀಳುವುದಿಲ್ಲ. ತೇವಾಂಶದ ಮಾಪಕ ತುಸು ಹೆಚ್ಚು ತೋರಿಸಿತೋ, ಎದುರು ಅಂಗಡಿಯ ಮಾಪಕವನ್ನೂ ನೋಡಿ ಬರುತ್ತಾನೆ. ಅಂಥ ಮನುಷ್ಯ ಅದೇ ರಸ್ತೆಯ ಫ್ಯಾನ್ಸಿ ಅಂಗಡಿ ಹೊಕ್ಕು, ಒಳಗೇನಿದೆ ಎಂದು ಬರೆಯದ, ತೆರೆದು ತೋರಿಸದ, ತೆರೆದ ಮೇಲೆ ವಾಪಸು ಪಡೆಯದ ಡಬ್ಬಿಗೆ ಚೌಕಾಶಿಯಿಲ್ಲದೆ ನೋಟು ಎಣಿಸುತ್ತಾನೆ. ಡಬ್ಬಿಯಲ್ಲಿ ಗೊಂಬೆಯಿದೆ. ಯಾವ ಗೊಂಬೆ ಎಂಬುದು ಗುಟ್ಟು. ಆ ಗುಟ್ಟಿಗೇ ಬೆಲೆ.

ಗೊಂಬೆಯ ಹೆಸರು ಲಬೂಬು. ಮೊಲದ ಕಿವಿ, ಗರಗಸದಂಥ ಹಲ್ಲು, ಈಗಷ್ಟೇ ಯಾರದೋ ಕೋಳಿ ಕದ್ದು ಬಂದ ನಗೆ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಕಲಾವಿದ ಕಾಸಿಂಗ್ ಲಂಗ್ 2015ರಲ್ಲಿ ಇದನ್ನು ಸೃಷ್ಟಿಸಿದಾಗ ಜಗತ್ತು ತಲೆ ಕೆಡಿಸಿಕೊಳ್ಳಲಿಲ್ಲ. 2019ರಲ್ಲಿ ಚೀನಾದ ಪಾಪ್ ಮಾರ್ಟ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 2024ರಲ್ಲಿ ಕೊರಿಯಾದ ಪಾಪ್ ಸಂಗೀತ ತಂಡ ಬ್ಲ್ಯಾಕ್‌ಪಿಂಕ್‌ನ ಗಾಯಕಿ ಲೀಸಾ ತನ್ನ ಬ್ಯಾಗಿಗೆ ಅದನ್ನು ನೇತುಹಾಕಿಕೊಂಡಳು. ಅಲ್ಲಿಂದ ಹುಚ್ಚು ಹಿಡಿಯಿತು. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ನಾಲ್ಕು ಅಡಿಗೂ ಮೀರಿದ ಲಬೂಬು ಒಂದು 10.8 ಲಕ್ಷ ಯುವಾನ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಒಂದೂಕಾಲು ಕೋಟಿಗೂ ಮೇಲೆ. ಆ ದುಡ್ಡಿಗೆ ಇಲ್ಲಿ ಒಂದಷ್ಟು ಎಕರೆ ತೋಟ ಸಿಗುತ್ತಿತ್ತು, ಆನೆ ಸಮೇತ.

ಈಗ ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ನೋಡಲು ಬರುವವರ ಬ್ಯಾಗುಗಳಿಂದೆಲ್ಲ ಈ ಹಲ್ಲುಗಳು ಇಣುಕುತ್ತವೆ. ಅವರನ್ನು ನೋಡಿ ನಮ್ಮವರು ಕಲಿತರು. ನಮ್ಮಿಂದ ಅವರು ಏನು ಕಲಿತರೋ ತಿಳಿಯದು; ಖಾಲಿ ಬಾಟಲಿಗಳನ್ನಂತೂ ಇನ್ನೂ ಇಲ್ಲೇ ಬಿಟ್ಟು ಹೋಗುತ್ತಾರೆ.

ಸಾಮಾನ್ಯವಾಗಿ ಒಂದು ಸರಣಿಯಲ್ಲಿ ಆರು ಬಗೆಯ ಗೊಂಬೆಗಳು, ಜೊತೆಗೆ ಒಂದು ‘ಸೀಕ್ರೆಟ್’. ಅದು ಸಿಗುವ ಸಾಧ್ಯತೆ 72ಕ್ಕೆ ಒಂದು. ಹಾಗಾದರೆ 72 ಡಬ್ಬಿ ಕೊಂಡುಬಿಟ್ಟರಾಯಿತಲ್ಲ ಎನ್ನುವವರು ಕಾಗದ ಪೆನ್ನು ಹಿಡಿದು ಕೂರಲಿ: ಬಿಡಿಬಿಡಿಯಾಗಿ 72 ಕೊಂಡರೂ ನೂರರಲ್ಲಿ ಸುಮಾರು 36 ಮಂದಿಗೆ ಅದು ದಕ್ಕುವುದಿಲ್ಲ. ಸೀಕ್ರೆಟ್ಟಿನ ಆಸೆ ಬಿಟ್ಟು ಮಾಮೂಲಿ ಆರನ್ನಷ್ಟೇ ಒಂದೊಂದಾಗಿ ಕೊಂಡು ಸೇರಿಸಲು ಹೊರಟರೂ ಸರಾಸರಿ ಹದಿನೈದು ಡಬ್ಬಿ ಬೇಕು. ಉಳಿದ ಒಂಬತ್ತು ಮನೆಯಲ್ಲಿ ಈಗಾಗಲೇ ಇರುವ ಗೊಂಬೆಯ ತಮ್ಮಂದಿರು. ಅವನ್ನು ನೆಂಟರ ಮಕ್ಕಳ ಹುಟ್ಟುಹಬ್ಬಕ್ಕೆ ಕೊಡಬಹುದು ಎನ್ನುತ್ತೀರಾ? ನೆಂಟರ ಮನೆಯಲ್ಲೂ ಅದೇ ಒಂಬತ್ತು ಕಾಯುತ್ತಿರುತ್ತವೆ.

ವಿರಾಜಪೇಟೆ ಕಡೆಯ ಬೆಳೆಗಾರರೊಬ್ಬರ ಮಗಳು ಮೈಸೂರಿನಲ್ಲಿ ಓದುತ್ತಾಳೆ. ರಜೆಗೆ ಬಂದವಳು ನಾಲ್ಕು ಡಬ್ಬಿ ಆರಿಸಿದಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿ, ಮೆಲ್ಲಗೆ ಕುಲುಕಿದಳು. “ಅಪ್ಪಾ, ಸೀಕ್ರೆಟ್ ಇದ್ದರೆ ತೂಕದಲ್ಲಿ ವ್ಯತ್ಯಾಸ ಇರುತ್ತದಂತೆ.” ತೂಕ ಎಂದ ಕೂಡಲೇ ಅಪ್ಪನೊಳಗಿನ ಬೆಳೆಗಾರ ಎಚ್ಚೆತ್ತ. ಸೀಲು ಒಡೆಯದಿದ್ದರೆ ಬದಲಾಯಿಸಿ ಕೊಡುತ್ತೇನೆಂದು ಅಂಗಡಿಯವನು ಹೇಳಿದ್ದ. ನಾಲ್ಕನ್ನೂ ನೇರ ಕಾಫಿ ವ್ಯಾಪಾರಿಯ ಬಳಿ ತಂದು, ಸ್ಯಾಂಪಲ್ ತೂಗುವ ಯಂತ್ರದ ಮೇಲೆ ಸಾಲಾಗಿ ಇಡಿಸಿದರು.

“ಓಟಿ ನೋಡುವುದಾ?” ಎಂದರು ವ್ಯಾಪಾರಿ.

“ಇದನ್ನು ಒಡೆಯುವ ಹಾಗಿಲ್ಲ.”

“ಒಡೆಯದೆ ಹೇಗೆ ಕೊಂಡಿರಿ ಸಾಹುಕಾರರೇ? ನನ್ನ ಹತ್ತಿರ ಮೂಟೆಗೆ ನೂರು ರೂಪಾಯಿ ಕಮ್ಮಿಯಾಯಿತೆಂದು ಎರಡು ದಿನ ಮಾತು ಬಿಟ್ಟಿದ್ದಿರಿ!”

ಎರಡು ಗ್ರಾಂ ಹೆಚ್ಚು ತೂಗಿದ ಡಬ್ಬಿಯನ್ನು ಉಳಿಸಿಕೊಂಡು ಉಳಿದವನ್ನು ಬದಲಾಯಿಸಿದರು. ಹೆಚ್ಚುವರಿ ಎರಡು ಗ್ರಾಂ ಡಬ್ಬಿಯ ರಟ್ಟಿನದು. ಗೊಂಬೆಯೂ ನಕಲಿ. ಅಸಲಿ ಗೊಂಬೆಗೆ ಒಂಬತ್ತು ಹಲ್ಲು, ಇದಕ್ಕೆ ಹತ್ತು. ನಕಲಿ ಲಬೂಬುವಿಗೆ ಲಫೂಫು ಎಂಬ ಹೆಸರೇ ಬಿದ್ದಿದೆ. ಅದೂ ಮುಚ್ಚಿದ ಡಬ್ಬಿಯಲ್ಲೇ ಬರುತ್ತದೆ. ಒಳಗಿರುವುದು ಯಾವುದೆಂದು ತಿಳಿಯದು, ಅಸಲಿಯೇ ಎಂದೂ ತಿಳಿಯದು. ಒಂದು ಗುಟ್ಟಿನ ಬೆಲೆಗೆ ಎರಡು.

ಎಂಟು ವರ್ಷದೊಳಗಿನ ಮಕ್ಕಳಿಗೆ ಇಂಥ ಡಬ್ಬಿ ಮಾರಬಾರದೆಂದು ಚೀನಾ 2023ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನನ್ನನ್ನು ಕೇಳಿದರೆ ಅಷ್ಟು ಚಿಕ್ಕವರಿಂದ ಅಪಾಯವೇನಿಲ್ಲ, ಅವರು ಖಾಲಿ ಡಬ್ಬಿಯಲ್ಲೇ ಸಂಜೆಯವರೆಗೆ ಆಡಿಕೊಳ್ಳುತ್ತಾರೆ. ಕಡಿವಾಣ ಬೇಕಿರುವುದು ಕ್ರೆಡಿಟ್ ಕಾರ್ಡ್ ಇರುವ ಮಕ್ಕಳಿಗೆ.

ಆದರೂ ವ್ಯಾಪಾರದ ಈ ವಿಧಾನ ನನಗೆ ಬಹಳ ಹಿಡಿಸಿದೆ. ಬರುವ ಕುಯ್ಲಿನಿಂದ ನಾವೂ ಕಾಫಿಯನ್ನು ಹೀಗೇ ಏಕೆ ಮಾರಬಾರದು? ಎಲ್ಲ ಮೂಟೆಗೂ ಒಂದೇ ಬಣ್ಣ, ಒಂದೇ ದರ. ಒಳಗೆ ರೊಬಸ್ಟಾ ಚೆರಿ ಇರಬಹುದು, ಹೊಟ್ಟು ಇರಬಹುದು, ಕಳೆದ ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದೂ ಇರಬಹುದು. 72 ಮೂಟೆಗೆ ಒಂದರಲ್ಲಿ ಮಾತ್ರ ದುಬಾರಿ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ. ಸ್ಯಾಂಪಲ್ ತೆಗೆಯುವಂತಿಲ್ಲ, ಮೂಸುವಂತಿಲ್ಲ, ಕುಲುಕುವಂತಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಕೈಗೆ ಬಂದದ್ದೇ ಪ್ರಸಾದ.

ಅದೇ ವ್ಯಾಪಾರಿಯ ಮುಂದೆ ಈ ಯೋಜನೆ ಇಟ್ಟೆ. ಒಂದು ಕ್ಷಣವೂ ಯೋಚಿಸದೆ ಒಪ್ಪಿದರು. ಷರತ್ತು ಒಂದೇ: ಹಣವನ್ನು ಅವರು ಅಂಟಿಸಿದ ಲಕೋಟೆಯಲ್ಲಿ ಕೊಡುತ್ತಾರಂತೆ, ನಾವು ಬೆಳಕಿಗೆ ಹಿಡಿದು ನೋಡಬಾರದಂತೆ.