ಮ್ಯಾಗ್ನೀಟೋನನ್ನು ಬೈಯೋದು ಹೇಗೆ?

ಸೂಪರ್‌ಹೀರೋ ಕಥೆಗಳಲ್ಲಿ ಈಗ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತಲೇ ಗೊತ್ತಾಗಲ್ಲ ಎಂದು ಲೇಖನದಲ್ಲಿ ಬೇಸರಪಟ್ಟಿದ್ದೀರಿ. ನನಗೆ ಅದೇ ಇಷ್ಟ. ಹಿಂದೆ ಗೆರೆ ಸ್ಪಷ್ಟವಾಗಿತ್ತು, ನಿಜ. ಆದರೆ ಅದು ಸುಮ್ನೆ ಬಂದಿದ್ದಲ್ಲ. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಒಳ್ಳೆಯದೇ ಗೆಲ್ಲಬೇಕು, ಅಪರಾಧಿಯ ಮೇಲೆ ಕನಿಕರ ಹುಟ್ಟುವಂತೆ ಬರೆಯಬಾರದು ಎಂದೆಲ್ಲ ಅದರಲ್ಲಿತ್ತು. ಮುಗ್ಧತೆಗಿಂತ ಸರ್ಕಾರ ನಿರ್ಬಂಧ ಹೇರೀತೆಂಬ ಹೆದರಿಕೆಯೇ ಜಾಸ್ತಿ ಅಲ್ವಾ?

ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರ ಎಕ್ಸ್-ಮೆನ್ ಕಥೆಗಳಲ್ಲಿ, ಲೋಹವನ್ನು ಮುಟ್ಟದೆಯೇ ಬಗ್ಗಿಸಬಲ್ಲ ಮ್ಯಾಗ್ನೀಟೋನನ್ನೇ ನೋಡಿ. 1963ರಲ್ಲಿ ಬಂದಾಗ ಬರೀ ಅಬ್ಬರಿಸುವ ಖಳ. 1981ರ ಹೊತ್ತಿಗೆ ಅವನು ನಾಜಿ ಶಿಬಿರದಿಂದ ಬದುಕಿ ಬಂದವನು ಎಂದು ತಿಳಿಯಿತು. 2000ದ ಸಿನಿಮಾ ಶುರುವಾಗುವುದೇ ಅಲ್ಲಿಂದ. ಮಳೆ, ಕೆಸರು. ಅಪ್ಪ ಅಮ್ಮನಿಂದ ಹುಡುಗನನ್ನು ಬೇರೆ ಮಾಡುತ್ತಾರೆ. ಅವನು ಕೈ ಚಾಚಿ ಕಿರುಚುತ್ತಾನೆ, ಕಬ್ಬಿಣದ ಗೇಟು ಸೊಟ್ಟಗಾಗುತ್ತದೆ. ಇಷ್ಟೆಲ್ಲ ಕಂಡವನು ಮನುಷ್ಯರನ್ನು ನಂಬಲ್ಲ ಅಂದರೆ ಬೈಯೋಕೆ ನನಗಂತೂ ಬಾಯಿ ಬರಲ್ಲ.

ಹಾಗಂತ ಅವನು ಮಾಡಿದ್ದೆಲ್ಲ ಸರಿ ಅಂತಲ್ಲ. ಅದೇ ಸಿನಿಮಾದಲ್ಲಿ ಮನುಷ್ಯರನ್ನು ತನ್ನಂಥವರನ್ನಾಗಿ ಬದಲಿಸುವ ಯಂತ್ರಕ್ಕೆ ರೋಗ್ ಎಂಬ ಹುಡುಗಿಯನ್ನು ಬಲಿಕೊಡಲು ಹೊರಡುತ್ತಾನಲ್ಲ, ನನ್ನ ಕನಿಕರ ಅಲ್ಲಿಗೇ ನಿಂತುಹೋಯಿತು.