ಇಂಗ್ಲಿಷ್ ಗ್ರಾಮರನ್ನು ಕನ್ನಡದಲ್ಲೇ ಹೇಳಿಕೊಡಿ

"ಐ ಡಿಡ್ ನಾಟ್ ವೆಂಟ್" ಅಂತ ಬರೆದ ಹುಡುಗನ ಉತ್ತರಪತ್ರಿಕೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ನಗುವ ಮೇಷ್ಟ್ರುಗಳಿದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ: ಅದೇ ಹುಡುಗ ಕನ್ನಡದಲ್ಲಿ ಯಾವತ್ತಾದರೂ "ನಾನು ಹೋದಲಿಲ್ಲ" ಅಂದಿದ್ದಾನಾ? ಅನ್ನುವುದಿಲ್ಲ. "ಹೋದೆ" ಸರಿ, ಆದರೆ ಇಲ್ಲ ಅನ್ನಬೇಕಾದಾಗ "ಹೋಗಲಿಲ್ಲ". ಭೂತಕಾಲದ "ಹೋದ" ಅಲ್ಲಿ ನಿಲ್ಲುವುದಿಲ್ಲ, ಹಿಂದಕ್ಕೆ ಸರಿದು ಬರೀ "ಹೋಗು" ಉಳಿಯುತ್ತದೆ. ಮುಗಿದ ಕಾಲದ ಭಾರವನ್ನು "ಲಿಲ್ಲ" ಹೊರುತ್ತದೆ. ಇಂಗ್ಲಿಷಿನಲ್ಲಿ "ಡಿಡ್ ನಾಟ್" ಮಾಡುವ ಕೆಲಸವೂ ಅಷ್ಟೇ. ಅದು ಬಂದಮೇಲೆ "ವೆಂಟ್" ಬೇಡ, "ಗೋ" ಸಾಕು.

ಅಂದರೆ ಆ ನಿಯಮ ಹುಡುಗನಿಗೆ ತೊದಲು ಮಾತಿನ ಕಾಲದಿಂದಲೂ ಗೊತ್ತು. ಗೊತ್ತಿದೆ ಅಂತ ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ.

ನಾನು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸೈನ್ಸ್ ತಗೊಂಡು, ಫಿಸಿಕ್ಸ್ ಕೆಮಿಸ್ಟ್ರಿ ಎಲ್ಲವೂ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದಾಗ ಕಂಗಾಲಾಗುವ ಮಕ್ಕಳೇ ನನ್ನ ಕ್ಲಾಸಿನಲ್ಲಿ ಹೆಚ್ಚು. ಅವರ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಯಾವಾಗಲೂ ಒಂದು ಚೌಕಳಿ ಇರುತ್ತದೆ. ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಅದಕ್ಕೆ ಅಡ್ಡಲಾಗಿ ಮೂರು ಕಾಲ. ಒಟ್ಟು ಹನ್ನೆರಡು ಮನೆ. ಮಗ್ಗಿಯ ಹಾಗೆ ಬಾಯಿಪಾಠ ಒಪ್ಪಿಸುತ್ತಾರೆ. "ತಿಂಡಿ ತಿಂದ್ಯಾ, ಇಂಗ್ಲಿಷಲ್ಲಿ ಹೇಳು" ಅಂದರೆ ಬಾಯಿ ಕಟ್ಟುತ್ತದೆ.

ಆ ಹನ್ನೆರಡು ಮನೆಗಳಲ್ಲಿ ಮಕ್ಕಳನ್ನು ಅತಿ ಹೆಚ್ಚು ಹೆದರಿಸುವುದು ಪ್ರೆಸೆಂಟ್ ಪರ್ಫೆಕ್ಟ್. "ಐ ಹ್ಯಾವ್ ನಾಟ್ ಈಟನ್" ಯಾವಾಗ, "ಐ ಡಿಡ್ ನಾಟ್ ಈಟ್" ಯಾವಾಗ? ಗೈಡುಗಳಲ್ಲಿ ಇದಕ್ಕೆ ಒಂದು ಪುಟ ವಿವರಣೆ ಇರುತ್ತದೆ. ನಾನು ಬೋರ್ಡಿನ ಮೇಲೆ ಎರಡು ಕನ್ನಡ ವಾಕ್ಯ ಬರೆಯುತ್ತೇನೆ: "ಇನ್ನೂ ಊಟ ಮಾಡಿಲ್ಲ." "ನಿನ್ನೆ ರಾತ್ರಿ ಊಟ ಮಾಡಲಿಲ್ಲ." ಮೊದಲನೆಯದು ಕೇಳಿದರೆ ಅಮ್ಮ ತಟ್ಟೆ ಇಡುತ್ತಾಳೆ, ಯಾಕೆಂದರೆ ಹಸಿವು ಈಗಲೂ ಇದೆ. ಎರಡನೆಯದು ಕೇಳಿದರೆ ಯಾಕೆ, ಏನಾಗಿತ್ತು ಅಂತ ಕೇಳುತ್ತಾಳೆ. ಆ ಊಟದ ಹೊತ್ತು ದಾಟಿಹೋಗಿದೆ. "ಮಾಡಿಲ್ಲ" ಅಂದರೆ ಹ್ಯಾವ್ ನಾಟ್, "ಮಾಡಲಿಲ್ಲ" ಅಂದರೆ ಡಿಡ್ ನಾಟ್. ಹಿಂದಿನ ಬೆಂಚಿನವರ ಮುಖವೂ ಅರಳುವುದು ಈ ಪಾಠದಲ್ಲೇ.

"ಮೇಡಂ, ನಮ್ಮ ಕಡೆ ಇನ್ನೂ ಬಸ್ಸು ಬರಲಿಲ್ಲ ಅಂತಾರಲ್ಲ" ಅಂತ ಯಾರಾದರೂ ಕೇಳುವುದುಂಟು. ನಿಜ, ಈ ಗೆರೆ ಕೆಲವು ಕಡೆ ಮಸುಕು. ಇಂಗ್ಲಿಷಿನಲ್ಲೂ ಹಾಗೇ. ಬ್ರಿಟನ್ನಿನವರು "ಹ್ಯಾವ್ ಯು ಈಟನ್ ಯೆಟ್" ಅನ್ನುವಲ್ಲಿ ಎಷ್ಟೋ ಅಮೆರಿಕನ್ನರು "ಡಿಡ್ ಯು ಈಟ್ ಯೆಟ್" ಅನ್ನುತ್ತಾರೆ. ಅವರ ಮಾತನ್ನು ಯಾರೂ ತಪ್ಪು ಅನ್ನುವುದಿಲ್ಲ, ಅಮೆರಿಕನ್ ಇಂಗ್ಲಿಷ್ ಅನ್ನುತ್ತಾರೆ.

ಕನ್ನಡ ಎಲ್ಲ ಕಡೆಯೂ ಕೈ ಹಿಡಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವು ಕಡೆ ಕಾಲೆಳೆಯುತ್ತದೆ. ಅದನ್ನೂ ಕನ್ನಡದಲ್ಲೇ ತೋರಿಸಬೇಕು ಅನ್ನುವುದು ನನ್ನ ವಾದ.

ಇಂಟರ್‌ವ್ಯೂಗಳಲ್ಲಿ ನಮ್ಮ ಮಕ್ಕಳು ಹೇಳುವುದನ್ನು ಗಮನಿಸಿ. "ಡೈಲಿ ಐ ವಿಲ್ ಗೆಟಪ್ ಅಟ್ ಫೈವ್, ಐ ವಿಲ್ ಹೆಲ್ಪ್ ಮೈ ಫಾದರ್, ದೆನ್ ಐ ವಿಲ್ ಗೋ ಟು ಕಾಲೇಜ್." ಕೇಳಿದವರಿಗೆ ಇವನು ನಾಳೆಯಿಂದ ಸುಧಾರಿಸಿಕೊಳ್ಳುವ ಸಂಕಲ್ಪ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಪಾಪ, ಅವನು ಹತ್ತು ವರ್ಷದಿಂದ ಐದಕ್ಕೇ ಏಳುತ್ತಿದ್ದಾನೆ! ಈ "ವಿಲ್" ಎಲ್ಲಿಂದ ಬಂತು? "ದಿನಾ ಐದಕ್ಕೆ ಏಳ್ತೀನಿ", "ನಾಳೆ ಐದಕ್ಕೆ ಏಳ್ತೀನಿ". ಕನ್ನಡಕ್ಕೆ ಎರಡೂ "ಏಳ್ತೀನಿ"ಯೇ. ಶಾಲೆಯಲ್ಲಿ ಭೂತ, ವರ್ತಮಾನ, ಭವಿಷ್ಯತ್ ಅಂತ ಮೂರು ಕಾಲ ಓದಿದ್ದೇವೆ, "ಏಳುವೆನು" ಅಂತ ಬರೆದು ಅಂಕವನ್ನೂ ತಗೊಂಡಿದ್ದೇವೆ. ಮನೆಯಲ್ಲಿ "ಏಳುವೆನು" ಅಂದವರನ್ನು ನಾನಂತೂ ಕಂಡಿಲ್ಲ. ಡಿ.ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಗಳು ಕನ್ನಡದ ಕ್ರಿಯಾಪದದಲ್ಲಿ ನಿಜವಾಗಿ ಇರುವುದು ಎರಡೇ ಕಾಲ, ಆಗಿಹೋದದ್ದು ಮತ್ತು ಆಗಿಹೋಗದೆ ಇರುವುದು, ಮೂರರ ಲೆಕ್ಕ ಸಂಸ್ಕೃತದ ಅಚ್ಚಿನಿಂದ ಬಂದದ್ದು ಅಂತ ವಾದಿಸಿದ್ದಾರೆ. ಇಂಗ್ಲಿಷಿನ ಕ್ರಿಯಾಪದಕ್ಕೂ ಸ್ವಂತ ರೂಪ ಇರುವುದು ಎರಡೇ ಕಾಲಕ್ಕೆ, "ವಿಲ್" ಹೊರಗಿನಿಂದ ಬಂದು ಸೇರುವ ಸಹಾಯಕ ಅನ್ನುವ ವ್ಯಾಕರಣಕಾರರು ಅಲ್ಲೂ ಇದ್ದಾರೆ. ಎರಡೂ ಭಾಷೆ ಗೆರೆ ಎಳೆಯುತ್ತವೆ. ಎಳೆಯುವ ಜಾಗ ಬೇರೆ. ನನ್ನ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ವಾಕ್ಯದಲ್ಲಿ "ದಿನಾ" ಸೇರಿಸಿ ನೋಡು. ಸೇರಿದರೆ "ವಿಲ್" ಬಿಡು.

ಇನ್ನು "ಹ್ಯಾಡ್". ಬೆಂಗಳೂರಿನ ಆಫೀಸುಗಳ ಈಮೇಲುಗಳನ್ನು ಗುಡಿಸಿದರೆ ಬುಟ್ಟಿಗಟ್ಟಲೆ ಸಿಗುವ ಪದ. "ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್‌ಡೇ." "ಐ ಹ್ಯಾಡ್ ಗಾನ್ ಟು ಧರ್ಮಸ್ಥಳ ಲಾಸ್ಟ್ ವೀಕ್." ಇದು ಕೊಬ್ಬಿಗೆ ಸೇರಿಸಿದ ಪದವಲ್ಲ, ಬಹಳ ಸೂಕ್ಷ್ಮವಾದ ಕನ್ನಡ ಪ್ರಜ್ಞೆಯ ಫಲ. "ಧರ್ಮಸ್ಥಳಕ್ಕೆ ಹೋದೆ" ಅಂತ ಹೇಳಿ ನಿಲ್ಲಿಸಿದರೆ ಕೇಳುವವರು "ಹೂಂ, ಆಮೇಲೆ?" ಅಂತ ಕಾಯುತ್ತಾರೆ, ಅದು ಕಥೆಯ ಮೊದಲ ಸಾಲು. "ಹೋಗಿದ್ದೆ" ಅಂದರೆ ಹೋಗಿ, ದರ್ಶನ ಮಾಡಿ, ಮನೆಗೆ ಬಂದು ಕೂತಾಗಿದೆ. ಒಂದೇ ಪದದಲ್ಲಿ ಹೋದದ್ದೂ ಬಂದದ್ದೂ ಎರಡೂ ಇವೆ. ಅಷ್ಟು ಅರ್ಥವನ್ನು ಇಂಗ್ಲಿಷಿಗೆ ಸಾಗಿಸಲು ಮಕ್ಕಳು "ಹೋಗಿ"ಗೆ ಗಾನ್, "ಇದ್ದೆ"ಗೆ ಹ್ಯಾಡ್ ಇಡುತ್ತಾರೆ.

ತೊಂದರೆ ಏನೆಂದರೆ ಇಂಗ್ಲಿಷಿನವರಿಗೆ ಇದು ತಲೆಕೆಳಗು. "ಐ ವೆಂಟ್" ಅಂದರೆ ಅವರಿಗೆ ಮಾತು ಮುಗಿಯಿತು. "ಐ ಹ್ಯಾಡ್ ಗಾನ್" ಅಂದರೆ ಅವರು ಇನ್ನೊಂದು ಘಟನೆಗಾಗಿ ಕಾಯುತ್ತಾರೆ: ಹೋಗಿದ್ದೆ, ಅಷ್ಟರಲ್ಲಿ ಏನಾಯಿತು? "ಐ ಹ್ಯಾಡ್ ಸೆಂಟ್ ದ ಫೈಲ್" ಅಂದರೆ, ಕಳಿಸಿದ್ದೆಯಾ, ಆಮೇಲೆ ಅದು ಬದಲಾಯಿತಾ, ಈಗ ಅದು ಲೆಕ್ಕಕ್ಕಿಲ್ಲವಾ ಅಂತ ಲಂಡನ್ನಿನಲ್ಲಿ ಕೂತವರು ತಲೆ ಕೆರೆದುಕೊಳ್ಳುತ್ತಾರೆ. ಅವರ "ಹ್ಯಾಡ್"ಗೆ ನಮ್ಮಲ್ಲಿ ಸಮನಾದ ಜಾಗ ಇಲ್ಲವೆಂದಲ್ಲ. "ನಾನು ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು." ಇದು ಸರಿಯಾದ ಹ್ಯಾಡ್. "ಅಷ್ಟರಲ್ಲಿ" ಅನ್ನುವ ಪದ ಹೇಳಿದ್ದರೂ ಸರಿ, ಮನಸ್ಸಿನಲ್ಲಿದ್ದರೂ ಸರಿ, ಇದ್ದರೆ ಹ್ಯಾಡ್ ಹಾಕಿ. ಇಲ್ಲದಿದ್ದರೆ ವೆಂಟ್, ಸೆಂಟ್, ಏಟ್, ಸಾ. ಈ ಒಂದು ತಪ್ಪನ್ನು ಮಾತ್ರ ನಾನು ಬಿಡದೆ ತಿದ್ದುತ್ತೇನೆ, ಯಾಕೆಂದರೆ ಇದು ಅರ್ಥವನ್ನೇ ತಿರುಗಿಸುತ್ತದೆ.

"ಸಿನ್ಸ್ ಫೈವ್ ಇಯರ್ಸ್" ಕೂಡ ನಮ್ಮ "ಇಂದ"ದ ಕೂಸು. "ಐದು ವರ್ಷದಿಂದ ಇಲ್ಲಿದ್ದೀನಿ", "2019ರಿಂದ ಇಲ್ಲಿದ್ದೀನಿ": ನಮಗೆ ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿಗೆ ಶುರುವಾದ ಗಳಿಗೆ ಬೇರೆ, ಕಳೆದ ಉದ್ದ ಬೇರೆ. ಗಳಿಗೆಗೆ ಸಿನ್ಸ್, ಉದ್ದಕ್ಕೆ ಫಾರ್. ಜೊತೆಗೆ "ಐ ಆ್ಯಮ್ ವರ್ಕಿಂಗ್" ಅಲ್ಲ, "ಐ ಹ್ಯಾವ್ ಬೀನ್ ವರ್ಕಿಂಗ್". ಇದಕ್ಕಾಗಿ ನಾಚಿಕೊಳ್ಳುವವರಿಗೆ ಒಂದು ಸಮಾಧಾನ: ಜರ್ಮನ್ನರೂ ಫ್ರೆಂಚರೂ ತಮ್ಮ ಭಾಷೆಯಲ್ಲಿ ಇದನ್ನು ನಮ್ಮ ಹಾಗೇ ವರ್ತಮಾನದಲ್ಲಿ ಹೇಳುತ್ತಾರೆ, ಇಂಗ್ಲಿಷಿಗೆ ಬಂದಾಗ ನಮ್ಮ ಹಾಗೇ ಎಡವುತ್ತಾರೆ.

ಪ್ರಿಪೊಸಿಷನ್ನಿಗೆ ಬರೋಣ. "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಅಂತ ರಾಗವಾಗಿ ಹೇಳಿದವರೇ ನಾವೆಲ್ಲ. ("ದೆಸೆಯಿಂದ" ಅನ್ನುವುದನ್ನು ಪರೀಕ್ಷೆಯ ಹೊರಗೆ ಎಲ್ಲಾದರೂ ಬಳಸಿದ್ದೀರಾ?) ಇಂಗ್ಲಿಷಿಗೂ ಸಾವಿರ ವರ್ಷದ ಹಿಂದೆ ನಾಮಪದಗಳ ಬಾಲದಲ್ಲಿ ಇಂಥ ವಿಭಕ್ತಿಗಳಿದ್ದವು. ಕಾಲಕ್ರಮದಲ್ಲಿ ಸವೆದು ಹೋದವು. ಹೀ, ಹಿಮ್, ಹಿಸ್ ಅನ್ನುವಂಥ ಸರ್ವನಾಮಗಳಲ್ಲಿ ಇವತ್ತಿಗೂ ಅದರ ಗುರುತು ಕಾಣುತ್ತದೆ. ಬಾಲ ಹೋದಮೇಲೆ ಅದರ ಕೆಲಸದ ಬಹುಪಾಲು ಮುಂದೆ ಬರುವ ಪುಟ್ಟ ಪದಗಳ ಮೇಲೆ ಬಿತ್ತು. ಇಷ್ಟು ಹೇಳಿದರೆ ಮಕ್ಕಳಿಗೆ ಪ್ರಿಪೊಸಿಷನ್ ಅನ್ನುವುದು ಆಕಾಶದಿಂದ ಬಿದ್ದ ವಸ್ತುವಾಗಿ ಉಳಿಯುವುದಿಲ್ಲ.

ಅಟ್, ಆನ್, ಇನ್ ಮೂರನ್ನು ಕಲಿಸಲು ನಾನು ಮದುವೆಯ ಕರೆಯೋಲೆ ಬಳಸುತ್ತೇನೆ. "ಮೇ 5ರಂದು ಬೆಳಿಗ್ಗೆ 10ಕ್ಕೆ" ಅಂತ ಇರುತ್ತದಲ್ಲ. "ರಂದು" ಇದ್ದಲ್ಲಿ ಆನ್. "ಗೆ, ಕ್ಕೆ" ಇದ್ದಲ್ಲಿ ಅಟ್. "ಮೇ ತಿಂಗಳಲ್ಲಿ", "2019ರಲ್ಲಿ" ಅಂತ "ಅಲ್ಲಿ" ಬಂದರೆ ಇನ್. ಕಾಲದ ಮಟ್ಟಿಗೆ ಇದು ಅಚ್ಚರಿಯಷ್ಟು ಚೆನ್ನಾಗಿ ಹೊಂದುತ್ತದೆ. "ಅಟ್ ನೈಟ್" ಥರದ ಒಂದೆರಡು ತರಲೆ ಬಿಟ್ಟರೆ ಹತ್ತರಲ್ಲಿ ಎಂಟು ಸಲ ದಾರಿ ತಪ್ಪುವುದಿಲ್ಲ.

ಜಾಗದ ವಿಷಯದಲ್ಲಿ ಈ ಉಪಾಯ ಕೈ ಕೊಡುತ್ತದೆ. ಬಸ್ಸಲ್ಲಿ, ಕಾರಲ್ಲಿ, ಸ್ಟಾಪಲ್ಲಿ, ನಮಗೆ ಎಲ್ಲವೂ "ಅಲ್ಲಿ". ಅವರಿಗೆ ಆನ್ ದ ಬಸ್, ಇನ್ ದ ಕಾರ್, ಅಟ್ ದ ಸ್ಟಾಪ್. ಎದ್ದು ಓಡಾಡುವಷ್ಟು ಜಾಗ ಇರುವ ವಾಹನಕ್ಕೆ ಆನ್ ಅಂತ ಒಂದು ಗುರುತು ಇಟ್ಟುಕೊಳ್ಳಬಹುದು. ಬೆಳಗಿನ ಎಂಟು ಗಂಟೆಯ ನಮ್ಮ ಬಸ್ಸಿಗೆ ಅದು ಅನ್ವಯಿಸುತ್ತದಾ ಅಂತ ಒಬ್ಬಳು ಕೇಳಿದಳು, ಉತ್ತರ ಕೊಡಲಿಲ್ಲ.

ಹಾಗಾದರೆ ಎಲ್ಲ ತಪ್ಪನ್ನೂ ತಿದ್ದಬೇಕಾ? ಇಲ್ಲಿ ನನ್ನ ಸಹೋದ್ಯೋಗಿಗಳಿಗೂ ನನಗೂ ಜಗಳ. "ಡಿಸ್ಕಸ್ ಅಬೌಟ್" ಅಂದರೆ ಅವರಿಗೆ ಮೈ ಉರಿಯುತ್ತದೆ. "ಅದರ ಬಗ್ಗೆ ಚರ್ಚೆ" ಅನ್ನುವ ನಾಡಿನಲ್ಲಿ ಆ "ಅಬೌಟ್" ಬಂದೇ ಬರುತ್ತದೆ. "ನನ್ನ ಮೇಲೆ ಕೋಪ" ಇದ್ದವರು "ಆಂಗ್ರಿ ಆನ್ ಮಿ" ಅನ್ನುತ್ತಾರೆ, "ಅವಳ ಜೊತೆ ಮದುವೆ"ಯಾದವನು "ಮ್ಯಾರೀಡ್ ವಿತ್ ಹರ್" ಅನ್ನುತ್ತಾನೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಹಾಗಾಗಿ "ಆಂಗ್ರಿ ವಿತ್", "ಮ್ಯಾರೀಡ್ ಟು" ಅಂತ ಹೇಳಿಕೊಡುತ್ತೇನೆ. ಆದರೆ ಇದರಿಂದ ಯಾರಿಗೂ ಏನೂ ಅಪಾರ್ಥವಾಗುವುದಿಲ್ಲ. ಬ್ರಿಟಿಷರು "ಅಟ್ ದ ವೀಕೆಂಡ್" ಅನ್ನುತ್ತಾರೆ, ಅಮೆರಿಕದವರು "ಆನ್ ದ ವೀಕೆಂಡ್" ಅನ್ನುತ್ತಾರೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅನ್ನುವ ನಿಯಮವನ್ನು ಹದಿನೇಳನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಡ್ರೈಡನ್ ಎತ್ತಿ ಹಿಡಿದ. ಅದರಿಂದ ಇಂಗ್ಲಿಷರು ಹಾಗೆ ಮಾತಾಡುವುದನ್ನೇನೂ ನಿಲ್ಲಿಸಲಿಲ್ಲ. ನೀತಿ ಏನೆಂದರೆ, ಕೇಳುವವರಿಗೆ ತಪ್ಪು ಅರ್ಥ ಹೋಗುವಲ್ಲಿ ಬಿಗಿಯಾಗಿರಿ, ಉಳಿದ ಕಡೆ ಮಗುವಿನ ಬಾಯಿ ಕಟ್ಟಬೇಡಿ.

"ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ" ಅಂತ ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ಬೋರ್ಡು ಹಾಕುತ್ತಾರೆ. ಹದಿನಾರು ವರ್ಷ ಕನ್ನಡದಲ್ಲಿ ಯೋಚಿಸಿದ ತಲೆಗೆ ಸ್ವಿಚ್ ಎಲ್ಲಿದೆ? ಇದಕ್ಕಿಂತ ಗಟ್ಟಿಯಾದ ವಾದ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರದು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ಇವತ್ತಿಗೂ ಜಗತ್ತಿನ ಇಂಗ್ಲಿಷ್ ಬೋಧನೆಯ ವಲಯದಲ್ಲಿ "ಬೆಂಗಳೂರು ಪ್ರಾಜೆಕ್ಟ್" ಅಂತಲೇ ಪ್ರಸಿದ್ಧ. ವ್ಯಾಕರಣದ ನಿಯಮ ಬೋಧಿಸುವುದಿಲ್ಲ; ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹಚ್ಚುವುದು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಐದನೇ ಕ್ಲಾಸಿನ ಮಗುವಿಗೆ ಇದನ್ನೇ ಮಾಡಿ ಅಂತ ನಾನೂ ಹೇಳುತ್ತೇನೆ. ಎರಡು ವರ್ಷದಲ್ಲಿ ಪಿಯುಸಿ ಮುಗಿಸಿ ಹೋಗುವ ಮಕ್ಕಳಿಗೆ ಅಷ್ಟು ಪುರುಸೊತ್ತಿಲ್ಲ. "ಮಾಡಿಲ್ಲ, ಮಾಡಲಿಲ್ಲ" ಅನ್ನುವ ಎರಡು ಪದದಲ್ಲಿ ಮುಗಿಯುವ ಪಾಠಕ್ಕೆ ಒಂದು ವರ್ಷ ಕಾಯಿಸುವುದು ಯಾಕೆ?

ಮತ್ತು ಈ ಪಾಠವನ್ನು ಲಂಡನ್ನಿನಿಂದ ಬಂದವರು ಮಾಡಲಾರರು. "ಹೋಗಿದ್ದೆ" ಅನ್ನುವುದರಲ್ಲಿ ಮನೆಗೆ ವಾಪಸ್ ಬಂದ ಅರ್ಥ ಇದೆ ಅಂತ ಕನ್ನಡ ಬಲ್ಲ ಮೇಷ್ಟ್ರಿಗೆ, ಮೇಡಮ್ಮಿಗೆ ಮಾತ್ರ ಗೊತ್ತು. ನಮ್ಮ ಕೈಯಲ್ಲಿರುವ ಈ ಹೆಚ್ಚುಗಾರಿಕೆಯನ್ನು ನಾವೇ ಕ್ಲಾಸಿನ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುತ್ತೇವೆ.

ಕನ್ನಡ ಮಾತಾಡಿದ ಮಕ್ಕಳಿಗೆ ದಂಡ ಹಾಕುವ ಇಂಗ್ಲಿಷ್ ಮೀಡಿಯಂ ಶಾಲೆಗಳು ಇನ್ನೂ ಇವೆ. ಹೆಸರು ಬೇಡ, ಅಂಥ ಒಂದು ಶಾಲೆ ಪೋಷಕರಿಗೆ ಕಳಿಸಿದ ಸುತ್ತೋಲೆಯನ್ನು ಪಕ್ಕದ ಮನೆಯವರು ತಂದು ತೋರಿಸಿದರು. ದಂಡವನ್ನು "ವಿಥಿನ್ ಫ್ರೈಡೇ" ಕಟ್ಟಬೇಕಂತೆ. ಅದು "ಬೈ ಫ್ರೈಡೇ" ಆಗಬೇಕಿತ್ತು. ಬರೆದವರ ತಲೆಯಲ್ಲಿ ಇದ್ದದ್ದು ಅಪ್ಪಟ ಕನ್ನಡದ "ಶುಕ್ರವಾರದೊಳಗೆ".